ಕೊಟ್ಟ ಮೇಲೆ ಹಂಚುವ ಹಣ: ಅಮೆರಿಕದ ‘ಡೋನರ್ ಅಡ್ವೈಸ್ಡ್ ಫಂಡ್’ ಹೇಗೆ ನಡೆಯುತ್ತದೆ?

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳಲ್ಲಿ ತೆರಿಗೆಯ ಮಾತು ಸಾಮಾನ್ಯವಾಗಿ ಮಾರ್ಚ್, ಏಪ್ರಿಲ್ ತಿಂಗಳಲ್ಲಷ್ಟೇ ಕೇಳಿಬರುತ್ತದೆ. ಆದರೆ 2025ರ ಜುಲೈ 4ರಂದು ಸಹಿ ಬಿದ್ದ ಹೊಸ ತೆರಿಗೆ ಕಾನೂನು ದಾನಕ್ಕೆ ಸಿಗುವ ಕಡಿತದ, ಅಂದರೆ ತೆರಿಗೆ ಬೀಳುವ ಆದಾಯದಿಂದ ಕಳೆಯಬಹುದಾದ ಮೊತ್ತದ, ಲೆಕ್ಕವನ್ನು 2026ರಿಂದ ಬದಲಿಸಿದೆ. ಹೀಗಾಗಿ ಊರಿನ ಶಾಲೆಗೋ ಇಲ್ಲಿನ ಅನ್ನದಾನದ ಸಂಸ್ಥೆಗೋ ವರ್ಷಕ್ಕೆ ಒಂದಿಷ್ಟು ಕೊಡುತ್ತ ಬಂದವರೂ ‘ಡೋನರ್ ಅಡ್ವೈಸ್ಡ್ ಫಂಡ್’ ಎಂಬ ಹೆಸರನ್ನು ಲೆಕ್ಕಪರಿಶೋಧಕರ ಬಾಯಲ್ಲಿ ಕೇಳುತ್ತಿದ್ದಾರೆ. ಕನ್ನಡದಲ್ಲಿ ಇದನ್ನು ದಾನಿ-ಸಲಹಾ ನಿಧಿ ಎನ್ನಬಹುದು. ಬಳಕೆಯಲ್ಲಿರುವ ಕಿರುಹೆಸರು ‘ಡ್ಯಾಫ್’.

ಈ ನಿಧಿಯ ಬಗ್ಗೆ ಒಂದೇ ಸಂಗತಿಯನ್ನು ಸರಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ. ಸಾಮಾನ್ಯ ದಾನದಲ್ಲಿ ಹಣ ನಮ್ಮ ಕೈಬಿಡುವುದೂ ಅದು ಸಂಸ್ಥೆಗೆ ಮುಟ್ಟುವುದೂ ಒಂದೇ ಹೊತ್ತಿನಲ್ಲಿ ನಡೆಯುತ್ತವೆ. ಡ್ಯಾಫ್‌ನಲ್ಲಿ ಇವೆರಡೂ ಬೇರೆಬೇರೆ. ಹಣ ಇವತ್ತು ನಮ್ಮ ಕೈಬಿಟ್ಟು ನಿಧಿ ನಡೆಸುವ ಸಂಸ್ಥೆಗೆ ಸೇರುತ್ತದೆ, ತೆರಿಗೆಯ ಲಾಭವೂ ಈ ವರ್ಷವೇ ಸಿಗುತ್ತದೆ; ಆ ಹಣ ಯಾವ ಸಂಸ್ಥೆಗೆ ಹೋಗಬೇಕು ಎಂಬುದನ್ನು ಮುಂದಿನ ವರ್ಷವೋ ಹತ್ತು ವರ್ಷದ ಮೇಲೋ ಹೇಳಬಹುದು. ಈ ನಿಧಿಯ ಅನುಕೂಲಗಳೂ ಅದರ ಮೇಲಿನ ಆಕ್ಷೇಪಗಳೂ ಹುಟ್ಟುವುದು ಈ ಎರಡು ಹೊತ್ತುಗಳ ನಡುವಿನ ಅಂತರದಲ್ಲಿಯೇ.

ದತ್ತಿನಿಧಿಗೆ ಹತ್ತಿರ, ಆದರೆ ಅದೇ ಅಲ್ಲ

ಕನ್ನಡಿಗರಿಗೆ ದತ್ತಿನಿಧಿ ಹೊಸದಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನಲ್ಲೋ ವಿಶ್ವವಿದ್ಯಾಲಯದಲ್ಲೋ ತಂದೆತಾಯಿಯರ ಹೆಸರಿನಲ್ಲಿ ಒಂದು ಮೊತ್ತ ಇಡುತ್ತೇವೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಂದು ದತ್ತಿ ಉಪನ್ಯಾಸವೋ ಚಿನ್ನದ ಪದಕವೋ ನಡೆಯುತ್ತದೆ. ಇಟ್ಟ ಹಣ ಸಂಸ್ಥೆಯದು, ಹೆಸರು ಮಾತ್ರ ನಮ್ಮ ಮನೆಯದು. ಡ್ಯಾಫ್ ಕೂಡ ಇಷ್ಟರ ಮಟ್ಟಿಗೆ ಹೀಗೆಯೇ. ವ್ಯತ್ಯಾಸವಿರುವುದು ಎರಡು ಕಡೆ. ದತ್ತಿಯ ಉದ್ದೇಶ ಮೊದಲ ದಿನವೇ ನಿಶ್ಚಯವಾಗಿರುತ್ತದೆ, ಡ್ಯಾಫ್‌ನ ಉದ್ದೇಶ ತೆರೆದಿರುತ್ತದೆ. ದತ್ತಿಯಲ್ಲಿ ಅಸಲನ್ನು ಮುಟ್ಟದೆ ಬಡ್ಡಿಯನ್ನಷ್ಟೇ ಖರ್ಚು ಮಾಡಿದರೆ, ಡ್ಯಾಫ್‌ನಲ್ಲಿ ಅಸಲನ್ನೂ ಪೂರ್ತಿಯಾಗಿ ಹಂಚಿ ಮುಗಿಸಬಹುದು.

ಇಂಥ ಮೊದಲ ನಿಧಿ 1931ರಲ್ಲಿ ನ್ಯೂಯಾರ್ಕ್ ಕಮ್ಯುನಿಟಿ ಟ್ರಸ್ಟ್‌ನಲ್ಲಿ ಶುರುವಾಯಿತೆಂದು ಗುರುತಿಸುತ್ತಾರೆ. ಹಲವು ದಶಕಗಳ ಕಾಲ ಇದು ಆಯಾ ಊರಿನ ಸಮುದಾಯ ಪ್ರತಿಷ್ಠಾನಗಳ ವ್ಯವಹಾರವಾಗಿಯೇ ಉಳಿದಿತ್ತು. 1991ರಲ್ಲಿ ಷೇರು, ಮ್ಯೂಚುವಲ್ ಫಂಡ್‌ಗಳ ಕಂಪನಿಯಾದ ಫಿಡೆಲಿಟಿ ತನ್ನದೇ ಧರ್ಮಸಂಸ್ಥೆಯನ್ನು ಹುಟ್ಟುಹಾಕಿತು. ಅದೇ ದಶಕದಲ್ಲಿ ವ್ಯಾನ್‌ಗಾರ್ಡ್, ಶ್ವಾಬ್ ಕಂಪನಿಗಳೂ ಅದೇ ದಾರಿ ಹಿಡಿದವು. ಅಲ್ಲಿಂದ ಡ್ಯಾಫ್ ತೆರೆಯುವುದು ಬ್ಯಾಂಕ್ ಖಾತೆ ತೆರೆಯುವಷ್ಟು ಸಲೀಸಾಯಿತು. ಈಗ ಇಂಥ ನಿಧಿಗಳಲ್ಲಿರುವ ಒಟ್ಟು ಹಣ 25,000 ಕೋಟಿ ಡಾಲರ್‌ಗಳನ್ನು ದಾಟಿದೆ.

ಇಷ್ಟೆಲ್ಲ ಬೆಳೆದರೂ ಕಾನೂನಿನಲ್ಲಿ ಇದಕ್ಕೊಂದು ವ್ಯಾಖ್ಯೆ ಬಂದದ್ದು 2006ರ ಪಿಂಚಣಿ ಸಂರಕ್ಷಣಾ ಕಾಯ್ದೆಯಲ್ಲಿ. ಅದರ ಪ್ರಕಾರ ಡ್ಯಾಫ್ ಎನಿಸಿಕೊಳ್ಳಲು ಮೂರು ಲಕ್ಷಣಗಳಿರಬೇಕು: ನಿಧಿಯನ್ನು ಇಂಥ ದಾನಿಯದೆಂದು ಬೇರೆಯಾಗಿ ಗುರುತಿಸಿ ಲೆಕ್ಕ ಇಟ್ಟಿರಬೇಕು, ಅದರ ಒಡೆತನ ಮತ್ತು ನಿಯಂತ್ರಣ ಪ್ರಾಯೋಜಕ ಸಂಸ್ಥೆಯದಾಗಿರಬೇಕು, ಹಣದ ಹೂಡಿಕೆ ಅಥವಾ ಹಂಚಿಕೆಯ ಬಗ್ಗೆ ಸಲಹೆ ಕೊಡುವ ಅವಕಾಶ ದಾನಿಗಿರಬೇಕು. ಪ್ರಾಯೋಜಕ ಸಂಸ್ಥೆ ಎಂದರೆ ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್‌ನಿಂದ 501(ಸಿ)(3) ಎಂಬ ತೆರಿಗೆ ವಿನಾಯಿತಿಯ ಮಾನ್ಯತೆ ಪಡೆದ ಸಾರ್ವಜನಿಕ ಧರ್ಮಸಂಸ್ಥೆ.

ಧಾರೆ ಎರೆದದ್ದು ಮರಳಿ ಬಾರದು

ಮೇಲಿನ ಮೂರರಲ್ಲಿ ಎರಡನೆಯ ಲಕ್ಷಣದ ಮೇಲೆ ಸ್ವಲ್ಪ ನಿಲ್ಲಬೇಕು, ಏಕೆಂದರೆ ಜನ ಎಡವುವುದು ಅಲ್ಲಿಯೇ. ಖಾತೆಗೆ ‘ಇಂಥ ಮನೆತನದ ಧರ್ಮನಿಧಿ’ ಎಂದು ನಾವೇ ಹೆಸರಿಡುತ್ತೇವೆ, ಪಾಸ್‌ವರ್ಡ್ ನಮ್ಮ ಬಳಿ ಇರುತ್ತದೆ, ಪರದೆಯ ಮೇಲೆ ಬಾಕಿ ಮೊತ್ತ ಕಾಣುತ್ತದೆ. ಹೀಗಾಗಿ ಹಣ ಇನ್ನೂ ನಮ್ಮದೇ ಎಂಬ ಭಾವನೆ ಬರುವುದು ಸಹಜ. ಆದರೆ ಕಾನೂನಿನ ಕಣ್ಣಿನಲ್ಲಿ ಅದನ್ನು ಆಗಲೇ ಧಾರೆ ಎರೆದು ಕೊಟ್ಟಾಗಿದೆ. ಕೆಲಸ ಹೋಯಿತೆಂದೋ ಊರಿಗೆ ಮರಳುತ್ತಿದ್ದೇವೆಂದೋ ಅದರಲ್ಲಿ ಒಂದು ಡಾಲರನ್ನೂ ಹಿಂದಕ್ಕೆ ಪಡೆಯಲಾಗದು. ‘ಸಲಹೆ’ ಎಂಬ ಪದವನ್ನು ಅಕ್ಷರಶಃ ಓದಬೇಕು: ದಾನಿ ಶಿಫಾರಸು ಮಾಡುತ್ತಾನೆ, ತೀರ್ಮಾನ ಪ್ರಾಯೋಜಕ ಸಂಸ್ಥೆಯದು. ಮಾನ್ಯತೆಯುಳ್ಳ ಸಂಸ್ಥೆಗೆ ಮಾಡಿದ ಶಿಫಾರಸನ್ನು ಸಾಮಾನ್ಯವಾಗಿ ಒಪ್ಪುತ್ತಾರೆ ಎಂಬುದು ನಿಜ. ಒಪ್ಪಲೇಬೇಕೆಂದಿಲ್ಲ ಎಂಬುದೂ ಅಷ್ಟೇ ನಿಜ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ ಎಂಬುದನ್ನು ಎರಡು ಘಟನೆಗಳು ತೋರಿಸಿಕೊಟ್ಟಿವೆ. ವರ್ಜೀನಿಯಾದ ನ್ಯಾಷನಲ್ ಹೆರಿಟೇಜ್ ಫೌಂಡೇಶನ್ ಎಂಬ ಪ್ರಾಯೋಜಕ ಸಂಸ್ಥೆ ತನ್ನ ವಿರುದ್ಧ ಬಂದ ನ್ಯಾಯಾಲಯದ ತೀರ್ಪಿನ ಮೊತ್ತವನ್ನು ತೀರಿಸಲಾಗದೆ 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ದಾನಿಗಳ ಹೆಸರಿನಲ್ಲಿದ್ದ ಸಾವಿರಾರು ನಿಧಿಗಳ ಹಣವೂ ಕಾನೂನಿನ ಪ್ರಕಾರ ಆ ಸಂಸ್ಥೆಯದೇ ಆಸ್ತಿಯಾಗಿದ್ದರಿಂದ, ಸಲಹೆ ಕೊಡುವ ಅವಕಾಶವೂ ದಾನಿಗಳ ಕೈತಪ್ಪಿತು. ಎರಡನೆಯದು ಕ್ಯಾಲಿಫೋರ್ನಿಯಾದ ದಂಪತಿಯದು. ಅವರು 2017ರ ಡಿಸೆಂಬರ್ ಕೊನೆಯ ವಾರದಲ್ಲಿ ಎನರ್ಜಸ್ ಎಂಬ ಕಂಪನಿಯ ಸುಮಾರು 19 ಲಕ್ಷ ಷೇರುಗಳನ್ನು ಫಿಡೆಲಿಟಿ ಚಾರಿಟಬಲ್‌ಗೆ ಕೊಟ್ಟರು. ಸಂಸ್ಥೆ ಅವನ್ನು ಆ ವರ್ಷ ಮುಗಿಯುವ ಮೊದಲೇ ಮಾರಿತು. ನಿಧಾನವಾಗಿ ಮಾರುವುದಾಗಿ ಮಾತು ಕೊಟ್ಟಿದ್ದರು, ಆತುರದಲ್ಲಿ ಮಾರಿದ್ದರಿಂದ ಬೆಲೆ ಕುಸಿಯಿತು ಎಂದು ದಂಪತಿ ಮೊಕದ್ದಮೆ ಹೂಡಿದರು. 2021ರಲ್ಲಿ ನ್ಯಾಯಾಲಯ ಸಂಸ್ಥೆಯ ಪರವಾಗಿ ತೀರ್ಪಿತ್ತಿತು.

ಆದ್ದರಿಂದ ಸಂಸ್ಥೆಯನ್ನು ಆರಿಸುವಾಗ ಶುಲ್ಕಕ್ಕಿಂತ ಮೊದಲು ಅದರ ಆರ್ಥಿಕ ಬಲವನ್ನೂ, ಕೊಟ್ಟ ಷೇರುಗಳನ್ನು ಅದು ಎಷ್ಟು ದಿನದಲ್ಲಿ ಮಾರುತ್ತದೆ ಎಂಬ ನಿಯಮವನ್ನೂ ನೋಡುವುದು ಒಳ್ಳೆಯದೆಂದು ನನಗನಿಸುತ್ತದೆ.

ಏನನ್ನು ಕೊಡಬೇಕು: ನಗದೋ ಷೇರೋ

ಡ್ಯಾಫ್‌ಗೆ ನಗದು, ಷೇರು, ಮ್ಯೂಚುವಲ್ ಫಂಡ್, ಹಲವು ಕಡೆ ಕ್ರಿಪ್ಟೊ ಕೂಡ ಕೊಡಬಹುದು. ಸಾಫ್ಟ್‌ವೇರ್ ಕಂಪನಿಗಳಲ್ಲಿ ದುಡಿಯುವ ನಮ್ಮವರಲ್ಲಿ ಬಹಳ ಮಂದಿಯ ಸಂಪತ್ತು ಆರ್‌ಎಸ್‌ಯು ಎಂದು ಕರೆಯುವ, ಕಂಪನಿ ಸಂಬಳದ ಭಾಗವಾಗಿ ಕೊಟ್ಟ ಷೇರುಗಳಲ್ಲಿರುವುದರಿಂದ ಅದನ್ನೇ ಉದಾಹರಣೆಯಾಗಿ ನೋಡೋಣ. ಷೇರು ಕೈಗೆ ಬಂದ ದಿನ ಅದರ ಬೆಲೆಯನ್ನು ಸಂಬಳವೆಂದೇ ಎಣಿಸಿ ತೆರಿಗೆ ಹಿಡಿದಿರುತ್ತಾರೆ. ಆ ದಿನದ ಬೆಲೆಯೇ ನಮ್ಮ ಮೂಲ ಬೆಲೆ. ಆಮೇಲೆ ಏರಿದ ಬೆಲೆಗೆ, ಮಾರಿದ ದಿನ, ಬಂಡವಾಳ ಲಾಭದ ತೆರಿಗೆ ಬೀಳುತ್ತದೆ.

ಡಲ್ಲಾಸ್‌ನಲ್ಲಿರುವ ಒಂದು ಜೋಡಿಯನ್ನು ಕಲ್ಪಿಸಿಕೊಳ್ಳಿ. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲದ್ದರಿಂದ ಲೆಕ್ಕ ಸುಲಭ. ಇಬ್ಬರ ವರ್ಷದ ಆದಾಯ 3,00,000 ಡಾಲರ್. ಅವರ ಬಳಿ ಒಂದು ವರ್ಷಕ್ಕಿಂತ ಹಳೆಯ ಷೇರುಗಳಿವೆ: ಮೂಲ ಬೆಲೆ 10,000, ಈಗಿನ ಬೆಲೆ 40,000. ಮಾರಿದರೆ 30,000 ಡಾಲರ್ ಲಾಭದ ಮೇಲೆ ಶೇ 15ರಂತೆ 4,500, ಆದಾಯ 2,50,000 ಮೀರಿದ ದಂಪತಿಗಳಿಗೆ ಬೀಳುವ ಶೇ 3.8ರ ಹೂಡಿಕೆ ತೆರಿಗೆ 1,140, ಒಟ್ಟು 5,640 ಡಾಲರ್ ತೆರಿಗೆ. ಷೇರುಗಳನ್ನು ಮಾರದೆ ಹಾಗೆಯೇ ಡ್ಯಾಫ್‌ಗೆ ವರ್ಗಾಯಿಸಿದರೆ ಈ ತೆರಿಗೆ ಇಲ್ಲ. ಧರ್ಮಸಂಸ್ಥೆಯಾದ್ದರಿಂದ ಪ್ರಾಯೋಜಕ ಸಂಸ್ಥೆ ಮಾರಿದರೆ ಅದಕ್ಕೂ ತೆರಿಗೆ ಇಲ್ಲ. ದಾನದ ಮೊತ್ತವನ್ನು ಪೂರ್ತಿ 40,000 ಎಂದೇ ಎಣಿಸುತ್ತಾರೆ.

ಈ ಉಳಿತಾಯ ಷೇರು ಕೊಟ್ಟಿದ್ದರಿಂದ ಬಂದದ್ದೇ ಹೊರತು ಡ್ಯಾಫ್ ಮೂಲಕ ಕೊಟ್ಟಿದ್ದರಿಂದಲ್ಲ. ನೇರವಾಗಿ ಒಂದು ಸಂಸ್ಥೆಗೆ ಷೇರು ಕೊಟ್ಟರೂ ಇದು ಸಿಗುತ್ತದೆ. ಆದರೆ ಸಣ್ಣ ಕನ್ನಡ ಶಾಲೆಗೋ ಊರಿನ ಆಹಾರ ಭಂಡಾರಕ್ಕೋ ಷೇರು ಪಡೆಯಲು ಬ್ರೋಕರ್ ಖಾತೆಯೇ ಇರುವುದಿಲ್ಲ. ಡ್ಯಾಫ್ ಒಂದೇ ಸಲ ಷೇರು ಪಡೆದು, ಹತ್ತು ಸಣ್ಣ ಸಂಸ್ಥೆಗಳಿಗೆ ಚೆಕ್ ಕಳಿಸುತ್ತದೆ.

ಇಲ್ಲಿ ಮೂರು ಎಚ್ಚರಗಳಿವೆ. ಒಂದು ವರ್ಷ ತುಂಬದ ಷೇರನ್ನು ಕೊಟ್ಟರೆ ಸಾಮಾನ್ಯವಾಗಿ ಮೂಲ ಬೆಲೆಗಷ್ಟೇ ಕಡಿತ ಸಿಗುತ್ತದೆ. ಬೆಲೆ ಇಳಿದಿರುವ ಷೇರನ್ನು ಕೊಡಲೇಬಾರದು. ಅದನ್ನು ಮಾರಿ, ನಷ್ಟವನ್ನು ತೆರಿಗೆ ಪತ್ರದಲ್ಲಿ ತೋರಿಸಿ, ಬಂದ ನಗದನ್ನು ಕೊಡುವುದು ಲಾಭಕರ. ಇನ್ನು, ದಾನದ ದಿನಾಂಕವೆಂದರೆ ನಾವು ಅರ್ಜಿ ತುಂಬಿದ ದಿನವಲ್ಲ, ಷೇರುಗಳು ಪ್ರಾಯೋಜಕ ಸಂಸ್ಥೆಯ ಖಾತೆಗೆ ಬಂದು ಬಿದ್ದ ದಿನ. ಕ್ರಿಸ್ಮಸ್ ರಜೆಯ ವಾರದಲ್ಲಿ ಬ್ರೋಕರ್‌ಗಳ ಬಳಿ ಇಂಥ ಅರ್ಜಿಗಳ ರಾಶಿಯೇ ಬಿದ್ದಿರುತ್ತದೆ. ಡಿಸೆಂಬರ್ 31 ದಾಟಿದರೆ ಕಡಿತ ಮುಂದಿನ ವರ್ಷದ ಲೆಕ್ಕಕ್ಕೆ ಹೋಗುತ್ತದೆ.

ಒಂದು ವರ್ಷದಲ್ಲಿ ಎಷ್ಟು ಕಡಿತ ಪಡೆಯಬಹುದು ಎಂಬುದಕ್ಕೂ ಮಿತಿಯಿದೆ. ಎಜಿಐ ಎಂದು ಕರೆಯುವ, ಕೆಲವು ಹೊಂದಾಣಿಕೆಗಳ ನಂತರದ ಒಟ್ಟು ಆದಾಯದಲ್ಲಿ ನಗದಿಗೆ ಶೇ 60, ಬೆಲೆ ಏರಿದ ಹಳೆಯ ಷೇರಿಗೆ ಶೇ 30. ಇದನ್ನು ಮೀರಿದ್ದನ್ನು ಮುಂದಿನ ಐದು ವರ್ಷಗಳಿಗೆ ಒಯ್ಯಬಹುದು.

2026ರಲ್ಲಿ ಬದಲಾದದ್ದು

ಅಮೆರಿಕದಲ್ಲಿ ತೆರಿಗೆದಾರರ ಮುಂದೆ ಎರಡು ದಾರಿಗಳಿವೆ. ಒಂದು, ಸರಕಾರವೇ ಗೊತ್ತುಮಾಡಿದ ಸ್ಟ್ಯಾಂಡರ್ಡ್ ಡಿಡಕ್ಷನ್ ತೆಗೆದುಕೊಳ್ಳುವುದು. 2026ಕ್ಕೆ ದಂಪತಿಗೆ ಇದು 32,200 ಡಾಲರ್. ಇನ್ನೊಂದು, ಗೃಹಸಾಲದ ಬಡ್ಡಿ, ಸ್ಥಳೀಯ ತೆರಿಗೆ, ದಾನ ಮುಂತಾದವನ್ನು ಬಿಡಿಬಿಡಿಯಾಗಿ ಪಟ್ಟಿ ಮಾಡುವುದು. ಪಟ್ಟಿಯ ಮೊತ್ತ 32,200 ದಾಟದಿದ್ದರೆ ಪಟ್ಟಿ ಮಾಡಿ ಪ್ರಯೋಜನವಿಲ್ಲ.

ಹೊಸ ಕಾನೂನಿನ ಪ್ರಕಾರ ಪಟ್ಟಿ ಮಾಡುವವರ ದಾನದಲ್ಲಿ ಎಜಿಐನ ಶೇ 0.5ರಷ್ಟು ಮೊದಲ ಭಾಗ ಲೆಕ್ಕಕ್ಕಿಲ್ಲ. ಶೇ 37ರ, ಅಂದರೆ ಎಲ್ಲಕ್ಕಿಂತ ಮೇಲಿನ, ತೆರಿಗೆ ಹಂತದಲ್ಲಿರುವ ಶ್ರೀಮಂತರಿಗೆ ದಾನದಿಂದಾಗುವ ತೆರಿಗೆ ಉಳಿತಾಯ ಡಾಲರಿಗೆ 35 ಸೆಂಟ್‌ಗಿಂತ ಹೆಚ್ಚಾಗದು. ಪಟ್ಟಿ ಮಾಡದವರಿಗೆ ಹೊಸದೊಂದು ಸೌಲಭ್ಯ ಬಂದಿದೆ: ಒಬ್ಬರಿಗೆ 1,000, ದಂಪತಿಗೆ 2,000 ಡಾಲರ್‌ವರೆಗಿನ ನಗದು ದಾನಕ್ಕೆ ಕಡಿತ. ಆದರೆ ಡ್ಯಾಫ್‌ಗೆ ಕೊಟ್ಟ ಹಣಕ್ಕೆ ಈ ಸೌಲಭ್ಯವಿಲ್ಲ. ವರ್ಷಕ್ಕೆ ಒಂದೆರಡು ಸಾವಿರ ಕೊಡುವ ಕುಟುಂಬ ನೇರವಾಗಿ ಸಂಸ್ಥೆಗೇ ಕೊಡುವುದು ಮೇಲು.

ಮತ್ತೆ ಡಲ್ಲಾಸ್‌ನ ಜೋಡಿಗೆ ಬರೋಣ. ಮನೆಯ ತೆರಿಗೆ 15,000, ಗೃಹಸಾಲದ ಬಡ್ಡಿ 13,000, ಹೀಗೆ ಪಟ್ಟಿಯಲ್ಲಿ 28,000 ಆಗಲೇ ಇದೆ. ಅವರು ವರ್ಷಕ್ಕೆ 10,000ದಂತೆ ನಾಲ್ಕು ವರ್ಷ ಕೊಡುತ್ತಾರೆ ಎನ್ನಿ. ಆದಾಯದ ಶೇ 0.5 ಎಂದರೆ 1,500. ಆದ್ದರಿಂದ ಪ್ರತಿ ವರ್ಷ 8,500 ಲೆಕ್ಕಕ್ಕೆ ಬಂದು ಪಟ್ಟಿ 36,500 ಆಗುತ್ತದೆ. ಸ್ಟ್ಯಾಂಡರ್ಡ್ ಡಿಡಕ್ಷನ್‌ಗಿಂತ ಸಿಕ್ಕ ಹೆಚ್ಚಳ 4,300, ನಾಲ್ಕು ವರ್ಷಕ್ಕೆ 17,200. ಅದೇ 40,000ವನ್ನು ಒಂದೇ ವರ್ಷ ಡ್ಯಾಫ್‌ಗೆ ಹಾಕಿದರೆ 1,500 ಒಂದೇ ಸಲ ಹೋಗುತ್ತದೆ, ಪಟ್ಟಿ 66,500 ಆಗುತ್ತದೆ, ಹೆಚ್ಚಳ 34,300; ಉಳಿದ ಮೂರು ವರ್ಷ ಸ್ಟ್ಯಾಂಡರ್ಡ್ ಡಿಡಕ್ಷನ್ ಹೇಗೂ ಇದೆ. ಶೇ 24ರ ತೆರಿಗೆ ಹಂತದಲ್ಲಿ ಮೊದಲ ದಾರಿಯ ಉಳಿತಾಯ 4,128 ಡಾಲರ್, ಎರಡನೆಯದರದು 8,232. ಇದಕ್ಕೆ ‘ಬಂಚಿಂಗ್’, ಅಂದರೆ ಗುಡ್ಡೆ ಹಾಕುವುದು ಎನ್ನುತ್ತಾರೆ. ಮಳೆ ಬೆಳೆ ಚೆನ್ನಾದ ವರ್ಷ ಕಣಜ ತುಂಬಿ ಮುಂದಿನ ವರ್ಷಗಳಲ್ಲೂ ಅದರಿಂದಲೇ ಅಳೆದು ಕೊಡುವ ಕ್ರಮವಿದು. ಪಡೆಯುವ ಸಂಸ್ಥೆಗಳಿಗೆ ಎಂದಿನಂತೆ ವರ್ಷಕ್ಕೆ 10,000 ಮುಟ್ಟುತ್ತಲೇ ಇರುತ್ತದೆ.

ಖಾತೆಯ ನಿರ್ವಹಣೆ

ಫಿಡೆಲಿಟಿ, ಶ್ವಾಬ್‌ಗಳಲ್ಲಿ ಖಾತೆ ತೆರೆಯಲು ಕನಿಷ್ಠ ಮೊತ್ತವೆಂದಿಲ್ಲ. ವ್ಯಾನ್‌ಗಾರ್ಡ್ 25,000 ಡಾಲರ್ ಕೇಳುತ್ತದೆ. ಕೊಟ್ಟ ಹಣವನ್ನು ಹಂಚುವವರೆಗೆ ಹೂಡಿಕೆ ಗುಂಪುಗಳಲ್ಲಿ ತೊಡಗಿಸಬಹುದು; ಬೆಳೆದದ್ದೂ ತೆರಿಗೆಯಿಲ್ಲದೆ ದಾನಕ್ಕೇ ಸೇರುತ್ತದೆ, ಕರಗಿದರೆ ದಾನವೇ ಕರಗುತ್ತದೆ. ಮುಂದಿನ ವರ್ಷವೇ ಕೊಡಬೇಕೆಂದಿರುವ ಹಣವನ್ನು ಷೇರುಪೇಟೆಯಲ್ಲಿ ಇಡದಿರುವುದು ವಿವೇಕ. ಆಡಳಿತ ಶುಲ್ಕ ದೊಡ್ಡ ಸಂಸ್ಥೆಗಳಲ್ಲಿ ಮೊದಲ 5 ಲಕ್ಷ ಡಾಲರಿಗೆ ವರ್ಷಕ್ಕೆ ಶೇ 0.6ರ ಆಸುಪಾಸು, ಹೂಡಿಕೆಯ ಖರ್ಚು ಬೇರೆ. 40,000ಕ್ಕೆ 240 ಡಾಲರ್ ಆಯಿತು. ಸಣ್ಣದೆನಿಸಿದರೂ, ಹಣವನ್ನು ಇಪ್ಪತ್ತು ವರ್ಷ ಹಾಗೆಯೇ ಬಿಟ್ಟರೆ ಅದು ಒಂದು ಶಾಲೆಯ ಗ್ರಂಥಾಲಯಕ್ಕೆ ಆಗುವಷ್ಟಾಗುತ್ತದೆ.

ತೆರಿಗೆಗೆ ಬೇಕಾದ ರಸೀದಿ ಒಂದೇ, ಪ್ರಾಯೋಜಕ ಸಂಸ್ಥೆ ಕೊಡುವುದು. ಕೊಟ್ಟ ಆಸ್ತಿಯ ಮೇಲೆ ಕಾನೂನುಬದ್ಧವಾದ ಪೂರ್ಣ ನಿಯಂತ್ರಣ ತನ್ನದೇ ಎಂಬ ಸಾಲು ಆ ಪತ್ರದಲ್ಲಿ ಇರಲೇಬೇಕು. ಆಮೇಲೆ ಡ್ಯಾಫ್‌ನಿಂದ ಸಂಸ್ಥೆಗಳಿಗೆ ಹೋದ ಹಣಕ್ಕೆ ಎರಡನೆಯ ಸಲ ಕಡಿತ ಕೇಳುವಂತಿಲ್ಲ.

ಯಾವುದಕ್ಕೆ ಬಳಸುವಂತಿಲ್ಲ

ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ಅಕ್ಕನ ಮಗಳ ಶುಲ್ಕವನ್ನು ಡ್ಯಾಫ್‌ನಿಂದ ಕಟ್ಟಲು ಆಗದು. ವ್ಯಕ್ತಿಗಳಿಗೆ ನೇರವಾಗಿ ಹಣ ಹೋದರೆ ಕಾನೂನು ಪ್ರಾಯೋಜಕ ಸಂಸ್ಥೆಯ ಮೇಲೆ ಶೇ 20ರ ದಂಡ ತೆರಿಗೆ ಹಾಕುತ್ತದೆ. ಹಾಗೆಯೇ, ದಾನಕ್ಕೆ ಪ್ರತಿಯಾಗಿ ದಾನಿಗೆ ಲೆಕ್ಕಕ್ಕೆ ಸಿಗುವಂಥ ಪ್ರಯೋಜನ ಬರಬಾರದು. ಬಂದರೆ ಆ ಪ್ರಯೋಜನದ ಶೇ 125ರಷ್ಟು ತೆರಿಗೆ. ಕನ್ನಡ ಕೂಟದ ದೀಪಾವಳಿ ಹಬ್ಬಕ್ಕೆ ನಾಲ್ಕು ಊಟದ ಟಿಕೆಟ್ ಕೊಳ್ಳುವುದೋ, ಮುಂದಿನ ಸಾಲಿನ ಕುರ್ಚಿಗಳ ಪ್ಯಾಕೇಜು ಕೊಳ್ಳುವುದೋ ಡ್ಯಾಫ್‌ನ ಹಣದಿಂದ ಕೂಡದು. ಊಟದ ಬೆಲೆಯನ್ನು ಜೇಬಿನಿಂದ ಕೊಟ್ಟು ದಾನದ ಭಾಗವನ್ನಷ್ಟೇ ಡ್ಯಾಫ್‌ನಿಂದ ಕೊಡುತ್ತೇನೆಂದರೂ ಪ್ರಾಯೋಜಕ ಸಂಸ್ಥೆಗಳು ಒಪ್ಪುವುದಿಲ್ಲ. ಕೂಟಕ್ಕೆ 501(ಸಿ)(3) ಮಾನ್ಯತೆ ಇದ್ದು, ಏನನ್ನೂ ಪಡೆಯದೆ ಅದರ ಕನ್ನಡ ಕಲಿ ತರಗತಿಗಳಿಗೆ ಕೊಡುವುದಾದರೆ ಅಡ್ಡಿಯಿಲ್ಲ.

ಊರಿಗೆ ಕೊಡಬೇಕೆಂದರೆ

ಕನ್ನಡಿಗರು ಕೇಳುವ ಮೊದಲ ಪ್ರಶ್ನೆ ಇದೇ ಆಗಿರುವುದರಿಂದ ಇಲ್ಲಿ ಎರಡೂ ದೇಶಗಳ ಬಾಗಿಲುಗಳನ್ನು ನೋಡಬೇಕು. ಅಮೆರಿಕದ ಬಾಗಿಲಿನಲ್ಲಿ, ಹೊರದೇಶದ ಸಂಸ್ಥೆಗೆ ಹಣ ಕಳಿಸುವ ಮುನ್ನ ಆ ಸಂಸ್ಥೆ ಅಮೆರಿಕದ ಧರ್ಮಸಂಸ್ಥೆಗೆ ಸರಿಸಮಾನವೆಂದು ಪರಿಶೀಲಿಸಬೇಕು, ಇಲ್ಲವೇ ಹಣ ಖರ್ಚಾಗುವವರೆಗೆ ಅದರ ಲೆಕ್ಕದ ಹೊಣೆ ಹೊರಬೇಕು. ಬಹಳಷ್ಟು ಪ್ರಾಯೋಜಕ ಸಂಸ್ಥೆಗಳು ಈ ಕೆಲಸವನ್ನು ತಾವು ಮಾಡದೆ, ಸಿಎಎಫ್ ಅಮೆರಿಕ, ಗಿವ್‌ಟುಏಷ್ಯಾದಂಥ ಮಧ್ಯವರ್ತಿ ಧರ್ಮಸಂಸ್ಥೆಗಳ ಮೂಲಕ ಮಾಡಿಸುತ್ತವೆ.

ಭಾರತದ ಬಾಗಿಲಿನಲ್ಲಿರುವುದು 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆ, ಅಂದರೆ ಎಫ್‌ಸಿಆರ್‌ಎ. ಪಡೆಯುವ ಸಂಸ್ಥೆಗೆ ಅದರಡಿ ನೋಂದಣಿಯೋ ಮುಂಚಿತ ಅನುಮತಿಯೋ ಇರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ಬರಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಪಡೆದವರು ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ‘ಬೆಂಗಳೂರಿನ ದೊಡ್ಡ ಸಂಸ್ಥೆಗೆ ಕಳಿಸಿ, ಅವರು ನಮ್ಮೂರ ಟ್ರಸ್ಟಿಗೆ ಕೊಡಲಿ’ ಎಂಬ ಹಳೆಯ ದಾರಿ ಹೀಗೆ ಮುಚ್ಚಿದೆ.

ಎಲ್ಲಕ್ಕಿಂತ ಸುಲಭವಾದ ದಾರಿಯೆಂದರೆ ಅಮೆರಿಕದಲ್ಲೇ ನೋಂದಾಯಿತವಾದ ಸೋದರ ಸಂಸ್ಥೆ. 2000ದಲ್ಲಿ ಬೆಂಗಳೂರಿನಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟ ಶುರುಮಾಡಿದ ಅಕ್ಷಯ ಪಾತ್ರೆಗೆ, ಹಾಗೆಯೇ ಶಿಕ್ಷಣ ಕ್ಷೇತ್ರದ ಪ್ರಥಮ್‌ಗೆ, ಅಮೆರಿಕದಲ್ಲಿ ಇಂಥ ಸಂಸ್ಥೆಗಳಿವೆ. ಡ್ಯಾಫ್‌ನ ಹುಡುಕಾಟದಲ್ಲಿ ಇವು ನೇರವಾಗಿ ಸಿಗುತ್ತವೆ. ನೋಂದಣಿಯಿಲ್ಲದ ಹಳ್ಳಿಯ ಯುವಕ ಸಂಘಕ್ಕೆ, ಎಷ್ಟೇ ಒಳ್ಳೆಯ ಕೆಲಸ ಮಾಡುತ್ತಿದ್ದರೂ, ಡ್ಯಾಫ್‌ನಿಂದ ದಾರಿಯಿಲ್ಲ.

ಆಕ್ಷೇಪ ಎಲ್ಲಿದೆ

ಖಾಸಗಿ ಪ್ರತಿಷ್ಠಾನಗಳು ವರ್ಷಕ್ಕೆ ತಮ್ಮ ಆಸ್ತಿಯ ಸುಮಾರು ಶೇ 5ರಷ್ಟನ್ನು ಹಂಚಲೇಬೇಕೆಂಬ ನಿಯಮವಿದೆ. ಡ್ಯಾಫ್ ಖಾತೆಗೆ ಅಂಥ ನಿಯಮವಿಲ್ಲ. ದಾನಿಗೆ ಕಡಿತ ಇವತ್ತೇ ಸಿಕ್ಕಿರುವಾಗ ಹಸಿದವನಿಗೆ ಅನ್ನ ಯಾವಾಗ ಎಂಬುದು ಟೀಕಾಕಾರರ ಪ್ರಶ್ನೆ. ಎಲ್ಲ ಡ್ಯಾಫ್‌ಗಳನ್ನು ಒಟ್ಟಾಗಿ ನೋಡಿದರೆ ವರ್ಷಕ್ಕೆ ಶೇ 20ಕ್ಕಿಂತ ಹೆಚ್ಚು ಹಂಚಿಕೆಯಾಗುತ್ತಿದೆ ಎಂಬುದು ಸಮರ್ಥಕರ ಉತ್ತರ. ಎರಡೂ ನಿಜವಿರಬಹುದು, ಏಕೆಂದರೆ ಸರಾಸರಿಯ ಅಂಕಿ ಹಲವು ವರ್ಷ ಅಲುಗಾಡದ ಖಾತೆಗಳನ್ನು ತೋರಿಸುವುದಿಲ್ಲ. 2021ರಲ್ಲಿ ಸೆನೆಟರ್‌ಗಳಾದ ಆಂಗಸ್ ಕಿಂಗ್ ಮತ್ತು ಚಕ್ ಗ್ರಾಸ್ಲಿ ಹಂಚಿಕೆಗೆ ಕಾಲಮಿತಿ ತರುವ ಮಸೂದೆ ಮಂಡಿಸಿದರು, ಅದು ಕಾನೂನಾಗಲಿಲ್ಲ. ಹೀಗಾಗಿ ಸದ್ಯಕ್ಕೆ ಕಾಲಮಿತಿಯನ್ನು ಹಾಕಿಕೊಳ್ಳಬೇಕಾದವನು ದಾನಿಯೇ. ಇಂತಿಷ್ಟು ದಿನಕ್ಕೆ ಇಂಥ ಸಂಸ್ಥೆಗೆ ತಾನಾಗಿ ಹಣ ಹೋಗುವಂತೆ ಖಾತೆಯಲ್ಲೇ ಏರ್ಪಾಡು ಮಾಡಬಹುದು, ಮಾಡುವುದು ಒಳ್ಳೆಯದೆಂದು ನನ್ನ ನಂಬಿಕೆ.

ದಾನಿಯ ನಂತರ

ಖಾತೆ ತೆರೆಯುವಾಗ ಬಹುಮಂದಿ ಖಾಲಿ ಬಿಡುವ ಅಂಕಣವೊಂದಿದೆ: ಉತ್ತರಾಧಿಕಾರಿ. ದಾನಿ ತೀರಿಕೊಂಡ ಮೇಲೆ ಸಲಹೆ ಕೊಡುವ ಅವಕಾಶ ಮಗನಿಗೋ ಮಗಳಿಗೋ ಬರಬೇಕೇ, ಉಳಿದದ್ದೆಲ್ಲ ಇಂತಿಂಥ ಸಂಸ್ಥೆಗಳಿಗೆ ಹಂಚಿಹೋಗಬೇಕೇ ಎಂಬುದನ್ನು ಅಲ್ಲಿ ಬರೆಯಬೇಕು. ಮಕ್ಕಳಿಗೆ ಬರುವುದು ಸಲಹೆಯ ಅವಕಾಶವೇ ಹೊರತು ಆಸ್ತಿಯಲ್ಲ. ಉಯಿಲಿನಲ್ಲಿ ಈ ಹಣವನ್ನು ಪಾಲು ಮಾಡಲು ಬರುವುದಿಲ್ಲ. ಅಂಕಣ ಖಾಲಿ ಇದ್ದರೆ ಪ್ರಾಯೋಜಕ ಸಂಸ್ಥೆ ತನ್ನ ನಿಯಮದಂತೆ ಹಣವನ್ನು ಬೇರೆ ಸಂಸ್ಥೆಗಳಿಗೆ ಕೊಡುತ್ತದೆ ಅಥವಾ ತನ್ನ ಸಾಮಾನ್ಯ ನಿಧಿಗೆ ಸೇರಿಸಿಕೊಳ್ಳುತ್ತದೆ. ಅಕ್ಷಯ ಪಾತ್ರೆಗೂ ಕನ್ನಡ ಶಾಲೆಗೂ ಎಂದುಕೊಂಡು ಇಟ್ಟ ಹಣ ಅಲ್ಲಿಗೇ ಹೋಗಬೇಕಾದರೆ, ಅವುಗಳ ಹೆಸರನ್ನು ಮತ್ತು ಐಆರ್‌ಎಸ್ ಕೊಟ್ಟಿರುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯನ್ನು ಆ ಅಂಕಣದಲ್ಲಿ ತುಂಬಿ, ಯಾರಿಗೆ ಎಷ್ಟು ಪಾಲು ಎಂಬುದನ್ನು ಶೇಕಡಾವಾರು ನಮೂದಿಸಬೇಕು.